ಪುಸ್ತಕದಲ್ಲಿ ಬರದ ಹುಡುಗ

ಬೀಗ ರಿಪೇರಿಯವನಿಗೆ ಅನುಮಾನ ಹುಟ್ಟುಗುಣ. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವನು ವಾಪಸು ಬಂದು ಜಗ್ಗಿ ನೋಡಬೇಕು. ಅಂಗಡಿಯ ಹಾಲನ್ನು ಮೂಸಿಯೇ ಒಳಗೆ ತರಬೇಕು. ಕಂಡವರ ಬೀಗ ತೆಗೆದೂ ತೆಗೆದೂ ಯಾವುದೂ ಭದ್ರವಲ್ಲವೆಂದು ಗೊತ್ತಾಗಿಬಿಟ್ಟಿತ್ತು, ಪಾಪ. ಆದರೆ ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಯ ಮೇಲೆ ಮಾತ್ರ ಯಾವತ್ತೂ ಅನುಮಾನಪಟ್ಟವನಲ್ಲ. ಆ ಹಾಳು ಸಿನಿಮಾ ಬರುವ ತನಕ.

ಯಾವುದೋ ಹಳೇ ಕಾದಂಬರಿಯನ್ನು ಸಿನಿಮಾ ಮಾಡಿದ್ದರು. ಹದಿನಾರರ ಹುಡುಗಿ, ಪಕ್ಕದ ಬೀದಿಯ ಹುಡುಗ, ಒಂದು ಸೈಕಲ್ಲು. ಥಿಯೇಟರಿನ ತುಂಬ ನಡುವಯಸ್ಸಿನವರು ತಮ್ಮ ತಮ್ಮ ಹರೆಯ ನೆನೆದು ಮೂಗೊರೆಸಿಕೊಳ್ಳುತ್ತಿದ್ದರು. ಕೊನೆಗೆ ಹುಡುಗ ರೈಲ್ವೆ ಸ್ಟೇಷನ್ನಿಗೆ ಓಡಿಬಂದು ಹುಡುಗಿಯ ಕೈ ಹಿಡಿದ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಇವನ ಪಕ್ಕದಲ್ಲಿ ಕೂತಿದ್ದ ಹೆಂಡತಿ, ಇಸ್ತ್ರಿ ಅಂಗಡಿಯಲ್ಲಿ ದುಡಿಯುವವಳು, ಅಂಗೈಯಿಂದ ಕಣ್ಣೊರೆಸಿಕೊಂಡು ತನ್ನಷ್ಟಕ್ಕೆ ಅಂದಳು: "ಅದು ಹಾಗಲ್ಲ. ಅವನು ಬರಲೇ ಇಲ್ಲ."

ಇವನ ಕಿವಿ ನೆಟ್ಟಗಾಯಿತು. ಅವನು ಎಂದರೆ ಯಾವನು?

"ಏನಂದೆ?"

"ಏನಿಲ್ಲ, ನಡೀರಿ."

ಏನಿಲ್ಲವಂತೆ! ಪುಣ್ಯಾತ್ಮ ರಾತ್ರಿಯೆಲ್ಲ ತಲೆಗೆ ಹುಳ ಬಿಟ್ಟುಕೊಂಡ. ಭಾನುವಾರ ಅವಳು ಒಬ್ಬಳೇ ಮತ್ತೆ ಅದೇ ಸಿನಿಮಾಕ್ಕೆ ಹೊರಟಾಗ ಇವನೂ ಚಪ್ಪಲಿ ಮೆಟ್ಟಿದ. ಕಳ್ಳನ ಹಾಗೆ ಹಿಂದೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು, ತೆರೆಯ ಕಡೆ ತಿರುಗಿಯೂ ನೋಡದೆ ಅವಳ ಅಕ್ಕಪಕ್ಕದ ಕುರ್ಚಿಗಳನ್ನೇ ಕಾದ. ಯಾರೂ ಬರಲಿಲ್ಲ. ಇವತ್ತು ಬರಲಿಲ್ಲ ಅಷ್ಟೇ, ಅಂದುಕೊಂಡ. ಇನ್ನು ತಡೆಯಲಾರದೆ ಅಲ್ಲಿಂದ ನೇರ ಅವಳ ತಂಗಿಯ ಮನೆಗೆ ಹೋಗಿ, ಮದುವೆಗೆ ಮುಂಚೆ ಯಾರಿದ್ದ ಎಂದು ಕೇಳಿಯೇಬಿಟ್ಟ.

ತಂಗಿ ನಕ್ಕಳು. "ಅಕ್ಕನಿಗಾ, ಭಾವ? ಅಪ್ಪ ಹೋದಾಗಲೇ ಅವಳು ಕೆಲಸಕ್ಕೆ ಸೇರಿದ್ಲು. ಅಮ್ಮ ಹಾಸಿಗೆ ಹಿಡಿದಿದ್ರು. ಹಗಲು ಇಸ್ತ್ರಿ, ಸಂಜೆ ನಮ್ಮ ಕಾಟ. ಎದುರುಮನೆಯವರ ಮುಖ ನೋಡೋಕೂ ಪುರುಸೊತ್ತಿರಲಿಲ್ಲ ಅವಳಿಗೆ. ಆ ಕಾದಂಬರಿ ಒಂದಿತ್ತು ಮನೇಲಿ. ಒಲೆ ಮುಂದೆ ಕೂತು ಅದನ್ನೇ ತಿರುಗಿಸಿ ತಿರುಗಿಸಿ ಓದ್ತಿದ್ಲು. ಅದರಲ್ಲಿ ಹುಡುಗ ಸ್ಟೇಷನ್ನಿಗೆ ಬರೋದೇ ಇಲ್ಲ."

ಬೀಗದವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಎದೆಯ ಮೇಲಿನ ಕಲ್ಲು ಇಳಿಯಿತು. ಏನೋ ಗುನುಗುತ್ತ ಮನೆಗೆ ಬಂದ.

ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. "ತಂಗಿ ಫೋನ್ ಮಾಡಿದ್ಲು. ಯಾರಿದ್ದ ಅಂತ ಕೇಳೋಕೆ ಹೋಗಿದ್ರಂತೆ."

"ತಪ್ಪಾಯ್ತು ಕಣೆ. ಯಾರೂ ಇರಲಿಲ್ಲವಂತೆ."

"ಹೂಂ, ಯಾರೂ ಇರಲಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲಿ ಎಲ್ಲರೂ ತಮ್ಮದೇನೋ ನೆನೆಸಿಕೊಂಡು ಅತ್ತರು. ನನಗೆ ನೆನೆಸಿಕೊಳ್ಳೋಕೆ ನನ್ನದು ಅಂತ ಏನೂ ಇರಲಿಲ್ಲ, ಪುಸ್ತಕದ ಹುಡುಗಿಯೇ ಗತಿ. ಅದಕ್ಕೇ ಅಳು ಬಂತು." ಮಡಿಸುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. "ಯಾರೂ ಇರಲಿಲ್ಲ ಅಂತ ಕೇಳಿ ನಿಮಗೆ ಖುಷಿ ಆಯ್ತು, ಅಲ್ವಾ?"

ಆಗಿತ್ತು. ಅವಳ ಪಕ್ಕ ಕೂತು ಒಂದು ಅಂಗಿ ಎತ್ತಿಕೊಂಡು ಮಡಿಸತೊಡಗಿದ.