ಮಾಮಿಯ ಕೊಲುವಿನಲ್ಲಿ ನನ್ನ ಇಟ್ಟಿಗೆ ಊರು

ಮೊನ್ನೆ ಶಿವಮೊಗ್ಗದ ಕೋಟೆ ರಸ್ತೆಯ ಗ್ರಂಧಿಗೆ ಅಂಗಡಿಯಲ್ಲಿ ಯಾರೋ ಬಜೆ ತೂಗಿಸಿಕೊಳ್ಳುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎಲ್ಲರಿಗೂ ನೆನಪಾಗುವ ಹಾಗೆ ನನಗೆ ಹಸುಗೂಸು ನೆನಪಾಗಲಿಲ್ಲ. ಆಟದ ಪ್ಲಾಸ್ಟಿಕ್ ಇಟ್ಟಿಗೆಗಳು ನೆನಪಾದವು. ಜೊತೆಗಿದ್ದ ಮಗಳಿಗೆ ಹೇಳಿದರೆ ನನ್ನ ಮುಖವನ್ನೇ ವಿಚಿತ್ರವಾಗಿ ನೋಡಿದಳು. ನೋಡಲಿ ಬಿಡಿ. ಅವಳಿಗೆ ನಮ್ಮ ಪಕ್ಕದ ಮನೆಯ ಮಾಮಿ ಗೊತ್ತಿಲ್ಲವಲ್ಲ...

ತೊಂಬತ್ತರ ದಶಕದಲ್ಲಿ ನಾವು ಭದ್ರಾವತಿಯ ನ್ಯೂಟೌನಿನಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ನಮಗೂ ಮಾಮಿಗೂ ನಡುವೆ ಒಂದೇ ಗೋಡೆ. ಇಲ್ಲಿ ಒಗ್ಗರಣೆ ಹಾಕಿದರೆ ಅಲ್ಲಿ ಸೀನು. ಮನೆಯೊಳಗೆ ತಮಿಳು, ನಮ್ಮ ಜೊತೆ ಅವರದೇ ಆದ ಒಂದು ಕನ್ನಡ. ನನಗೆ ಟೈಫಾಯ್ಡ್ ಬಂದು ವಾಸಿಯಾದಾಗ ಅಪ್ಪ ಶಿವಮೊಗ್ಗದ ಗಾಂಧಿ ಬಜಾರಿನಿಂದ ಒಂದು ಡಬ್ಬಿ ಇಟ್ಟಿಗೆ ತಂದುಕೊಟ್ಟಿದ್ದರು. ಕೆಂಪು, ಬಿಳಿ, ಹಳದಿ, ಅಷ್ಟೇ. ಡಬ್ಬಿಯ ಮೇಲಿದ್ದ ಚಿತ್ರದ ಮನೆ ಎಷ್ಟು ತಿಣುಕಿದರೂ ಬರುತ್ತಿರಲಿಲ್ಲ. ಹಾಗಾಗಿ ಬಂದದ್ದನ್ನು ಕಟ್ಟುತ್ತಿದ್ದೆ.

ನವರಾತ್ರಿಯಲ್ಲಿ ಮಾಮಿ ಮೆಟ್ಟಿಲು ಜೋಡಿಸಿ ಗೊಂಬೆ ಕೂರಿಸುತ್ತಿದ್ದರು, ಕೊಲು ಎನ್ನುತ್ತಿದ್ದರು. ಪ್ರತಿ ವರ್ಷ ಅದಕ್ಕೆ ಹೊಸದೇನಾದರೂ ಸೇರಬೇಕು. ಒಂದು ವರ್ಷ ಹೊಸ ಗೊಂಬೆ ಸಿಗಲಿಲ್ಲವೋ ಏನೋ, ನನ್ನನ್ನು ಕರೆದು, ಇಷ್ಟು ದೇವರಿದ್ದಾರೆ, ಇವರಿಗೊಂದು ಊರಿಲ್ಲ, ಕಟ್ಟಿಕೊಡ್ತೀಯಾ ಎಂದು ಕೇಳಿದರು. ನಾನು ಭದ್ರಾ ಸೇತುವೆ ಕಟ್ಟಿದೆ, ಕಾರ್ಖಾನೆಯ ಚಿಮಣಿ ಕಟ್ಟಿ ಹತ್ತಿಯ ಹೊಗೆ ಬಿಟ್ಟೆ. ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಮೇಲಿನ ದೇವರನ್ನು ಬಿಟ್ಟು ಕೆಳಗೆ ಬಗ್ಗಿ ನೋಡುವವರೇ! ನನಗೋ, ನೆಲದ ಮೇಲೆ ಕಾಲಿಲ್ಲ. ಮರುವರ್ಷ ಅದನ್ನೆಲ್ಲ ಕೆಡವಿ ರೈಲ್ವೆ ಸ್ಟೇಷನ್, ಅದರ ಮರುವರ್ಷ ಬಸ್ಸು. ಬಸ್ಸಿನ ಟಾಪಿನ ಮೇಲೆ ಶೆಟ್ಟಿ ಗೊಂಬೆಯನ್ನೂ ಅವನ ಹೆಂಡತಿಯನ್ನೂ ಕೂರಿಸಿಬಿಟ್ಟಿದ್ದೆ. ಇಬ್ಬರಿಗೂ ಟಿಕೆಟ್ ಆಗಿದೆಯಾ ಎಂದಷ್ಟೇ ಮಾಮಿ ಕೇಳಿದರು.

ನಾನು ಹೈಸ್ಕೂಲಿಗೆ ಸೇರಿದ ವರ್ಷ, ನವರಾತ್ರಿಯಲ್ಲೇ, ಶಿವಮೊಗ್ಗದಿಂದ ದೊಡ್ಡಪ್ಪ ತಮ್ಮ ಮಗನನ್ನು ಕರೆದುಕೊಂಡು ಬಂದರು. ಎಲ್ಲರೂ ಮಾಮಿಯ ಮನೆಗೆ ಹೋದಾಗ ಕೊಲು ನೋಡಿದ್ದೇ ಅವನು ಇಟ್ಟಿಗೆ ಬೇಕೆಂದು ರಚ್ಚೆ ಹಿಡಿದ. ಹುಡುಗಿ ದೊಡ್ಡವಳಾದಳು, ಇನ್ನು ಇವಳಿಗ್ಯಾಕೆ ಎಂದು ದೊಡ್ಡಪ್ಪ ಹೇಳಿದರು. ಅಪ್ಪ ಅಣ್ಣನ ಮಾತಿಗೆ ಎದುರಾಡಿದವರಲ್ಲ, ಹೂಂ ಎಂದರು. ಅಮ್ಮ ಸೆರಗು ಸರಿಮಾಡಿಕೊಂಡರು. ನನ್ನದು ಅಂತ ಇದ್ದದ್ದು ಅದೊಂದೇ. ದೊಡ್ಡಪ್ಪ ಇಟ್ಟಿಗೆಗಳಿಗೆ ಕೈ ಹಾಕುವ ಹೊತ್ತಿಗೆ ಮಾಮಿ ಕುಂಕುಮದ ತಟ್ಟೆ ಹಿಡಿದು ಅಡ್ಡ ಬಂದರು. ದನಿ ಏರಿಸಲೇ ಇಲ್ಲ.

"ಕೊಲುವಲ್ಲಿ ಕೂತಿದ್ದು ಮನೆ ಬಿಟ್ಟು ಹೋಗಬಾರ್ದು ಸಾರ್. ಕೊಟ್ಟವರಿಗೂ ದೋಷ, ತಗೊಂಡವರಿಗೂ ದೋಷ. ನಮ್ಮಲ್ಲಿ ಹಾಗೆ ಶಾಸ್ತ್ರ."

ರಾಹುಕಾಲ ನೋಡದೆ ಹೊಸಿಲು ದಾಟದ ದೊಡ್ಡಪ್ಪ ಬೆಂಕಿ ಮುಟ್ಟಿದವರಂತೆ ಕೈ ಹಿಂದೆಗೆದುಕೊಂಡರು. ಹುಡುಗ ಕಡಲೆ ಉಸಲಿ ತಿಂದು ಸಮಾಧಾನಗೊಂಡ. ವಿಜಯದಶಮಿ ಮುಗಿದ ಮೇಲೆ ಮಾಮಿ ಇಟ್ಟಿಗೆಗಳನ್ನೂ ಹಳೇ ಪಂಚೆಯಲ್ಲಿ ಸುತ್ತಿ, ಹುಳ ಹಿಡಿಯದ ಹಾಗೆ ಬಜೆ ಇಟ್ಟು, ಗೊಂಬೆಗಳ ಟ್ರಂಕಿನಲ್ಲೇ ಮಲಗಿಸಿದರು. ಬೇಕಾದಾಗ ಬಂದು ತೆಗೆದು ಆಡು, ಮನೆ ಬಿಟ್ಟು ಹೋಗಬಾರದು ಅಷ್ಟೇ ಎಂದರು. ಸ್ಕೂಲು ಬಿಟ್ಟೊಡನೆ ಅಲ್ಲೇ ಕೂರುತ್ತಿದ್ದೆ. ಮಾಮ ರಿಟೈರಾಗಿ ಅವರು ಸೇಲಂ ಕಡೆ ಹೊರಟ ದಿನ ಗಂಟನ್ನು ನನ್ನ ಕೈಗಿಟ್ಟು, ಮನೇನೇ ಬಿಟ್ಟು ಹೋಗ್ತಿದೀವಿ, ಇನ್ನೇನು ದೋಷ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಈಗ ನನ್ನ ಮಗಳ ಸೆಟ್ಟುಗಳನ್ನು ನೋಡಬೇಕು! ಒಂದು ಡಬ್ಬಿಗೆ ಒಂದೇ ವಸ್ತು. ಪುಟ ಪುಟಕ್ಕೂ ಸೂಚನೆ; ಈ ಕಾರಿನ ಗಾಜು ಆ ಕಾರಿಗೆ ಕೂರುವುದಿಲ್ಲ. ಚೆಂದವೇ, ಇಲ್ಲವೆನ್ನಲಾರೆ, ಸಾಸಿವೆಯಷ್ಟು ತುಣುಕು ಹುಡುಕುತ್ತಾ ನಾನೂ ನೆಲದ ಮೇಲೆ ತೆವಳುತ್ತೇನೆ. ಆದರೆ ಕಟ್ಟಿದ್ದು ಶೋಕೇಸು ಸೇರಿದರೆ ಮುಗಿಯಿತು. ಇದನ್ನು ಕೆಡವಿ ಬಸ್ ಮಾಡೋಣವೇ ಎಂದರೆ ಇದ್ದ ಮನೆ ಕೆಡವಲು ಹೇಳಿದವಳಂತೆ ನನ್ನನ್ನು ನೋಡುತ್ತಾಳೆ.

ಹೋದ ನವರಾತ್ರಿಯಲ್ಲಿ ನಮ್ಮ ಅತ್ತೆ, ಬಂದಿದ್ದ ಮಗುವೊಂದು ಆಸೆಪಟ್ಟಿತೆಂದು ಕೂರಿಸಿದ್ದ ಗೊಂಬೆಯನ್ನೇ ಎತ್ತಿ ಕೊಟ್ಟರು. ನಾನು ಗಾಬರಿಯಾಗಿ ಮಾಮಿಯ ಶಾಸ್ತ್ರ ಹೇಳಿದೆ.

"ಯಾರು ಹೇಳಿದ್ದು ಮಾರಾಯ್ತಿ? ಅಂಥ ಶಾಸ್ತ್ರ ಎಲ್ಲೂ ಇಲ್ಲ" ಎಂದರು ಅತ್ತೆ.

ಆಮೇಲೆ ಗೊತ್ತಿದ್ದ ತಮಿಳರ ಮನೆಗಳಲ್ಲೂ ಕೇಳಿದೆ. ಯಾರೂ ಕೇಳಿದವರಿಲ್ಲ. ದೀಪ ಹಚ್ಚದೆ ಕಾಫಿಯನ್ನೂ ಕುಡಿಯದ ಮಾಮಿ, ಅಷ್ಟೂ ದೇವರುಗಳ ಎದುರು ನಿಂತು, ಪಕ್ಕದ ಮನೆಯ ಹುಡುಗಿಯ ಇಟ್ಟಿಗೆಗಳಿಗಾಗಿ ಹಸಿ ಸುಳ್ಳು ಹೇಳಿದ್ದರು... ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆ, ಕಣ್ಣೊರೆಸಿಕೊಂಡೆ. ಫೋನು ಮಾಡಿ ನಿಮ್ಮ ಕಳ್ಳತನ ಗೊತ್ತಾಯಿತು ಮಾಮಿ ಎನ್ನೋಣವೆಂದರೆ, ಅವರು ತೀರಿಹೋಗಿ ವರ್ಷಗಳಾಗಿವೆ.