ಹುಸೇನಬಿಯ ವಸ್ತಿ ಬಸ್ಸು, ಉಚ್ಚಂಗೆವ್ವನ ಶನಿ-ಕುಜ

...ಹಂಗ ನೋಡಿದ್ರ ಗ್ರಹಗಳದೇನೂ ತಪ್ಪಿರಲಿಲ್ಲ ಬಿಡ್ರಿ, ತಪ್ಪೆಲ್ಲಾ ಬಸ್ಸಿಂದು. ಕುಪ್ಪೇಲೂರಾಗ ಯಾರ ಜಾತಕಾನ ತಗದು ನೋಡ್ರಿ, ಹುಟ್ಟಿದ ಟೈಮು ಹೇಳಿದಾಕಿ ಸೂಲಗಿತ್ತಿ ಹುಸೇನಬಿ. ಅರ್ಧಾ ಊರು ಆಕಿ ಕೈಯಾಗ ಹುಟ್ಟೇತಿ. ಆದ್ರ ಆ ಕೈಗೆ ಒಂದ ದಿನಾನೂ ಗಡಿಯಾರ ಕಟ್ಟಿಲ್ಲ. ಆಕಿ ಗಡಿಯಾರ ಅಂದ್ರ ರಾಣೆಬೆನ್ನೂರ ಬಸ್ಸು. ಕೂಸು ಅತ್ತ ಕೂಡ್ಲೆ ಬಾಗಲಾ ಒಂಚೂರು ತಗದು ಕೂಗತಾಳ, "ಮೊದಲನೇ ಬಸ್ಸು ಹೋದಮ್ಯಾಲ!" ಇಲ್ಲಂದ್ರ "ಮಧ್ಯಾನದ ಬಸ್ಸು ಬರೂಕಿಂತ ಮೊದ್ಲ!" ಹೊರಗ ಕುಂತ ಅಪ್ಪ ಅದನ್ನ ಬಸ್ಸಿನ ಟೈಮಿಗೆ ಹೊಂದಿಸಿ ಕ್ಯಾಲೆಂಡರದಾಗ ಬರಕೊಂತಾನ. ಜಾತಕ ರೆಡಿ!

ಭರಮಣ್ಣನ ಮಗಳು ಉಚ್ಚಂಗೆವ್ವಂದೂ ಹಂಗ. ಎಪ್ಪತ್ತೆರಡನೇ ಇಸವಿ ಬ್ಯಾಸಗಿ. ರಾತ್ರಿ ಊರಾಗ ಉಳಿಯೂ ವಸ್ತಿ ಬಸ್ಸು ಹಾರ್ನ ಹೊಡಿಯೂದಕ್ಕೂ ಕೂಸು ಅಳೂದಕ್ಕೂ ಸರಿ ಹೋತು. "ವಸ್ತಿ ಬಸ್ಸೂ ಬಂತು, ಹೆಣ್ಣೂ ಬಂತು!" ಅಂತ ಹುಸೇನಬಿ ಕೂಗಿದ್ಲು. ವಸ್ತಿ ಬಸ್ಸು ಬರೂದು ಎಂಟೂವರಿಗೆ. ಭರಮಣ್ಣ ಎಂಟೂವರಿ ಅಂತ ಬರದಿಟ್ಟ.

ಇಪ್ಪತ್ತ ವರ್ಷ ಆ ಎಂಟೂವರಿ ತಂಟೆಕ್ಕ ಯಾರೂ ಹೋಗಲಿಲ್ಲ. ಆಮ್ಯಾಲ ಕಾಗಿನೆಲಿ ಮಲ್ಲೇಶಪ್ಪನ ಮಗನ ಕೂಡ ಮಾತುಕತಿ ನಡೀತು. ಹುಡುಗ ಒಪ್ಪಿದ. ಉಚ್ಚಂಗೆವ್ವ ಅಂತೂ ಯಾರರ ಕಾಗಿನೆಲಿ ಅಂದ್ರ ಸಾಕು, ಸೆರಗ ಬಾಯಾಗ ಹಿಡದು ನಗಾಕತ್ತಿದ್ಲು. ಅಷ್ಟ್ರಾಗ ಒಂದಿನ ಮುಂಜೇಲಿ ಭರಮಣ್ಣ ಹುಸೇನಬಿ ಕಟ್ಟಿ ಮ್ಯಾಲ ಬಂದು ಧಪ್ಪಂತ ಕುಂತ.

"ಚಿಗವ್ವ, ಲಗ್ನ ಮುರದಂಗ. ಜಾತಕದಾಗ ಶನಿ-ಕುಜ ಯುತಿ ಐತಂತ. ಏಳನೇ ಮನ್ಯಾಗ."

"ಹಂಗಂದ್ರೇನೋ?"

"ಶನಿ, ಕುಜ ಇಬ್ರೂ ಒಂದ ಮನ್ಯಾಗ ಕುಂತಾರಂತ. ಏಳನೇದು ಗಂಡಾ ಹೆಂಡ್ತಿ ಮನಿ. ಒಬ್ಬ ತಣ್ಣಗ ಎಳೀತಾನ, ಒಬ್ಬ ಬೆಂಕಿ ಹಚ್ಚತಾನ. ದಿನಾ ಜಗಳ ಅಂತ ಮಲ್ಲೇಶಪ್ಪ ಹೆದರ್ಯಾನ. ಹುಡುಗಿ ನಿನ್ನೆಯಿಂದ ಉಂಡಿಲ್ಲ."

ಹುಸೇನಬಿ ಅವನ ಬಾಜೂಕ ಕುಂತ್ಲು. ತಾ ಕೂಗಿದ ಕೂಗು ತಾ ಎತ್ತಿದ ಕೂಸಿನ ಸಂಸಾರಕ್ಕ ಅಡ್ಡ ಬಂತಲ್ಲ! ಆದ್ರೂ ಗತ್ತು ಬಿಡತಾಳೇನ್ರಿ? "ನನ್ನ ಟೈಮು ತಪ್ಪಂಗಿಲ್ಲ ಭರಮಾ. ಬಸ್ಸಿನ ಹಾರ್ನ ಈ ಕಿವೀಲೆ ಕೇಳೇನಿ."

ಒಳಗ ಗಂಡ ಇಸ್ಮಾಯಿಲಸಾಬ ನಿಧಾನಕ ಚಾ ಕುಡಿಯಾಕತ್ತಿದ್ದ. ಆ ಮನುಷ್ಯ ಮಾಡೂದೆಲ್ಲಾ ನಿಧಾನನ, ಒಂದ ಕಪ್ಪು ಚಾಕ್ಕ ಅರ್ಧಾ ತಾಸು. "ಯಾವ ದಿನದ ಬಸ್ಸು ಅದು?" ಅಂದ. "ಭರಮನ ಮಗಳು ಹುಟ್ಟಿದ ದಿನ ಅಂದ್ರ... ಜಿಲೇಬಿ ದಿನ ಅಲ್ಲೇನ?"

ಜಿಲೇಬಿ ಅಂದದ್ದ ತಡಾ, ಹುಸೇನಬಿ ಎದ್ದ ನಿಂತ್ಲು. "ಆ ಸುದ್ದಿ ತಗೀಬ್ಯಾಡ್ರಿ! ಹೆರಿಗಿ ಮುಗಿಸಿ ಬಂದು ತಿಂತೇನಿ ಅಂತ ಅರ್ಧಾ ಕಿಲೋ ತರಾಕ ಹೇಳಿದ್ರ, ಬರೇ ಕಾಗದ ಹಿಡಕೊಂಡ ಬಂದ ಗಂಡಸು ನೀವು!"

"ನಾ ಬಂದ ವಸ್ತಿ ಬಸ್ಸು ಪಂಚರ ಆಗಿತ್ತಲ್ಲ! ಸ್ಟೆಪ್ನಿ ಹಾಕಿದ್ರ ಅದೂ ಪಂಚರ. ಎರಡ ತಾಸು ಅಡವ್ಯಾಗ ಕುಂತ್ವಿ. ಹುಡುಗ್ರು ಹಸದು ಅಳಾಕತ್ವು, ಹಂಚಿದ್ನಿ."

"ಎರಡ ತಾಸು ಆತು ಅಂತ ನನ್ನ ಜಿಲೇಬಿ..." ಅನಕೋತ ಹುಸೇನಬಿ ಭರಮಣ್ಣನ ತೋಳ ಹಿಡದ್ಲು. "ಯಾ ಅಲ್ಲಾ! ಭರಮಾ, ಆ ಬಸ್ಸು ಬಂದದ್ದು ಹತ್ತೂವರಿಗೆ ಅಲ್ಲೋ!"

ಮರುದಿನ ಮೂವರೂ ಮೊದಲನೇ ಬಸ್ಸು ಹತ್ತಿದ್ರು. ಟೈಮಿಗೆ ಬಂದೈತೇನು ಅಂತ ಹುಸೇನಬಿ ಕಂಡಕ್ಟರಗ ಎರಡ ಸಲ ಕೇಳಿದ್ಲು. ರಾಣೆಬೆನ್ನೂರಾಗ ಜಾತಕ ನೋಡಾವ್ರು ಪರಮೇಶಪ್ಪನವ್ರು, ರಿಟಾಯರ್ ಆದ ಮಾಸ್ತರು. ಭರಮಣ್ಣ ಹೇಳಿ ಕಳಿಸಿದ್ದಕ್ಕ ಮಲ್ಲೇಶಪ್ಪನೂ ಅಲ್ಲೇ ಬಂದು ಕುಂತಿದ್ದ. ಎಲ್ಲಾ ಕೇಳಿ ಮೂಗ ಮುರದ.

"ಚೊಲೋ ಐತಿ ಬಿಡ್ರಿ. ಗ್ರಹ ಸರಿ ಇಲ್ಲಂದ್ರ ಟೈಮ ತಿದ್ದೂದಾ? ನಾಳೆ ತಾರೀಖೂ ತಿದ್ದಕೊಂಡ ಬರ್ತೀರಿ."

ಹುಸೇನಬಿ ಮಾರಿ ಸಣ್ಣದಾತು. "ನಲವತ್ತ ವರ್ಷದಾಗ ತಪ್ಪೇನಿ ಅಂತ ಎಲ್ಲೂ ಹೇಳಿದಾಕಿ ಅಲ್ರಿ ನಾನು. ಇವತ್ತ ಹೇಳಾಕತ್ತೇನಿ. ಕೂಸಿನ ಸಲುವಾಗಿ."

ಇಸ್ಮಾಯಿಲಸಾಬ ಸಮಾಧಾನ ಮಾಡಾಕ ಹೋದ. "ಖರೇ ಐತ್ರಿ ಮಲ್ಲೇಶಪ್ಪನವ್ರ. ಜಿಲೇಬಿ ನಾನ ಹಂಚೇನಿ. ಒಂದ ನಾನೂ ತಿಂದೆ."

"ಒಂದಾ!" ಹುಸೇನಬಿ ತಿರುಗಿದ್ಲು. "ಇಪ್ಪತ್ತ ವರ್ಷ ಮುಟ್ಟಿಲ್ಲ, ಮುಟ್ಟಿಲ್ಲ ಅಂತ ಆಣಿ ಮಾಡೀರಲ್ರಿ!"

"ಒಂದ... ಒಂದೂವರಿ."

ಅಲ್ಲಿಂದ ಮುಂದ ಕೇಳಬ್ಯಾಡ್ರಿ. ಪಂಚಾಂಗದ ಮುಂದ ಇಬ್ರೂ ಹೆಂಗ ಜಗಳಕ್ಕ ಹತ್ತಿದ್ರು ಅಂದ್ರ, ಬಾಜೂ ಅಂಗಡ್ಯಾವ್ರು ಕೆಲಸ ಬಿಟ್ಟು ಬಾಗಲಾಗ ಬಂದು ನಿಂತ್ರು. ಮಲ್ಲೇಶಪ್ಪ ಒಮ್ಮೆ ಆಕಿ ಕಡೆ, ಒಮ್ಮೆ ಅವನ ಕಡೆ ನೋಡಿ ನೋಡಿ ಕಡೀಕ ಹೊಟ್ಟಿ ಹಿಡಕೊಂಡು ನಕ್ಕ. "ಸಾಕ ಮಾಡ್ರವಾ! ಇಂಥಾ ಜಗಳ ಕಲ್ತು ಬಂದು ಆಡಾಕ ಆಗಂಗಿಲ್ಲ. ಮಾಸ್ತರ, ಹತ್ತೂವರಿ ಹಾಕಿ ನೋಡ್ರಿ."

ಮಾಸ್ತರು ಬೆರಳ ಮಡಿಚಿ, ಬರದು, ಅಳಿಸಿ, ಮತ್ತ ಬರದ್ರು. ಹುಸೇನಬಿ ಅವ್ರ ಪೆನ್ಸಿಲ್ಲನ್ನ ನೋಡಾಕತ್ತಿದ್ಲು.

"ಕೂಸು ಹುಟ್ಟೂವಾಗ ಮೂಡೂ ರಾಶಿ, ಮನಿ ಎಣಸೂದ ಅಲ್ಲಿಂದ, ವೃಶ್ಚಿಕ ದಾಟಿ ಧನುಸ್ಸಿಗೆ ಬಂತು," ಅಂದ್ರು. "ಶನಿ-ಕುಜ ಕುಂತಲ್ಲೇ ಕುಂತಾರ, ವೃಷಭದಾಗ. ಆದ್ರ ಈಗ ಅದು ಏಳನೇ ಮನಿ ಅಲ್ಲ, ಆರನೇದು. ಆರನೇದು ವೈರಿ, ರೋಗದ ಮನಿ. ಯುತಿ ಅಂದ್ರ ಒಂದ ಸೀಟಿನ್ಯಾಗ ಇಬ್ರು ಕುಂತಂಗ ನೋಡ್ರಿ. ಗಂಡಾ ಹೆಂಡ್ತಿ ಮನ್ಯಾಗ ಈ ಇಬ್ರು ಕುಂತ್ರ ಮನ್ಯಾವ್ರಿಗೆ ತ್ರಾಸು. ವೈರಿ ಮನ್ಯಾಗ ಕುಂತ್ರ ತ್ರಾಸೆಲ್ಲಾ ವೈರೀಗೆ. ಹುಡುಗಿ ಗಟ್ಟಿಗಿತ್ತಿ ಆಗತಾಳ."

"ಅಂದ್ರ ಇಬ್ರೂ ಜಗಳ ಆಡೂದಿಲ್ಲಂತೀರಿ?" ಮಲ್ಲೇಶಪ್ಪಗ ಇನ್ನೂ ಒಂದ ಅನುಮಾನ.

ಮಾಸ್ತರು ಹುಸೇನಬಿನ್ನೂ ಇಸ್ಮಾಯಿಲಸಾಬನ್ನೂ ತೋರಿಸಿ ಅಂದ್ರು, "ಇಲ್ಲಿ ಕುಂತಾರ ನೋಡ್ರಿ ಶನಿ, ಕುಜ. ಏಳನೇ ಮನ್ಯಾಗ ಕುಂತೂ ನಲವತ್ತ ವರ್ಷ ಆತು. ಏನ ಆಗೇತಿ?"

ಮುಂದಿನ ತಿಂಗಳನ ಲಗ್ನ ಆತು. ಊಟದಾಗ ಏನಿತ್ತು ಅಂತೀರಿ? ಜಿಲೇಬಿ! ಒಂದ ಕಿಲೋ ಬ್ಯಾರೆ ಕಟ್ಟಿಸಿ ಉಚ್ಚಂಗೆವ್ವ ತಾನ ತಂದು ಹುಸೇನಬಿ ಉಡಿಯಾಗ ಹಾಕಿದ್ಲು. ಇಸ್ಮಾಯಿಲಸಾಬ ಕೈ ಚಾಚಿದ್ರ, "ನಿಮ್ಮದು ಎಪ್ಪತ್ತೆರಡರಾಗ ಆಗೇತಿ" ಅಂದ್ಲಂತ ಹುಸೇನಬಿ. ಆಮ್ಯಾಲ ಒಂದೂವರಿ ಕೊಟ್ಲಂತ, ಎಣಿಸಿ.

ಈಗ ಊರಾವ್ರೆಲ್ಲಾ ತಮ್ಮ ಜಾತಕ ಹಿಡಕೊಂಡು ಹುಸೇನಬಿ ಕಟ್ಟಿ ಮ್ಯಾಲ ಬರಾಕತ್ಯಾರ, ನಾ ಹುಟ್ಟಿದ ದಿನ ಬಸ್ಸು ಟೈಮಿಗೆ ಬಂದಿತ್ತೇನ ಅಂತ. ನೀವೂ ಒಂದ ಸಲ ಕುಪ್ಪೇಲೂರಿಗೆ ಹೋಗಿ ಆಕಿನ್ನ ಕಂಡ ಬರ್ರಿ, ಖರೇ ಹೇಳತೇನಿ, ಎದ್ದ ಬರಾಕ ಮನಸ ಬರಂಗಿಲ್ಲ. ವಸ್ತಿ ಬಸ್ಸಿಗೆ ಹೋಗ್ರಿ. ಜಿಲೇಬಿ ಒಯ್ರಿ, ದಾರ್ಯಾಗ ಮಾತ್ರ ಬಿಚ್ಚಬ್ಯಾಡ್ರಿ.