ಲಿಫ್ಟು ತೊಳೆದ ನೆಟ್ಟಾ

ಗ್ಲಾಸ್ಗೋದ ನಮ್ಮ ಹಳೆಯ ಕಲ್ಲಿನ ವಠಾರದಲ್ಲಿ ‘ಮೆಟ್ಟಿಲು ತೊಳೆಯುವ ಸರದಿ ನಿಮ್ಮದು’ ಎಂಬ ಫಲಕ ಬಾಗಿಲಿಗೆ ಬಿತ್ತೆಂದರೆ ಜ್ವರ ಬಂದವರೂ ಏಳಬೇಕಿತ್ತು. ಇಲ್ಲದಿದ್ದರೆ ಪಕ್ಕದ ಮನೆಯ ನೆಟ್ಟಾ ಗಿಲ್‌ಫಿಲನ್ ಬಿಡುತ್ತಿರಲಿಲ್ಲ. ಆಮೇಲೆ ವಠಾರ ಕೆಡವಿ ನಮ್ಮನ್ನೆಲ್ಲ ಮುಗಿಲೆತ್ತರದ ಕಟ್ಟಡಕ್ಕೆ ಸಾಗಿಸಿದರು. ಅಲ್ಲಿ ಮೆಟ್ಟಿಲು ತುಳಿಯುವವರೇ ಇಲ್ಲ, ಎಲ್ಲರಿಗೂ ಲಿಫ್ಟು. ನೆಟ್ಟಾ ಸುಮ್ಮನಿರುವ ಹೆಂಗಸೇ? ಬಕೆಟ್ಟು, ಬ್ರಷ್ಷು ಹಿಡಿದು ಲಿಫ್ಟಿಗೇ ನುಗ್ಗಿದಳು. ನಾವು ಹತ್ತಿದರೆ “ಕಾಲೆತ್ರೋ!” ಎಂದು ಗದರುತ್ತಿದ್ದಳು. ಲಿಫ್ಟಿನಲ್ಲಿ ಕಾಲೆತ್ತಿ ಎಲ್ಲಿಡುವುದು?

ಒಂದು ಮಧ್ಯಾಹ್ನ ಯಂತ್ರಕ್ಕೆ ನೀರಿಳಿದು ಲಿಫ್ಟು ನಡುವೆಯೇ ನಿಂತಿತು. ಒಳಗೆ ನೆಟ್ಟಾ. ರಿಪೇರಿಯವನು ಬೆವರು ಸುರಿಸಿ ಬಾಗಿಲು ಮೀಟಿ ತೆರೆದ.

“ಗಾಬರಿಯಾಗ್ಬೇಡಿ ಅಮ್ಮಾ, ಬಂದೆ” ಎಂದು ಕಾಲಿಡಹೋದ.

“ಅಲ್ಲೇ ನಿಲ್ಲೋ! ನೆಲ ಇನ್ನೂ ಒಣಗಿಲ್ಲ!” ಎಂದವಳೇ ನೆಟ್ಟಾ ಬಾಗಿಲನ್ನು ಮತ್ತೆ ಎಳೆದುಕೊಂಡಳು.